ಗೃಹಸ್ಥರ ಪ್ರವಾಸ: ಫ್ಲಾರೆನ್ಸ್ ನಗರದಲ್ಲಿ ಮೂರು ದಿನ

ದೇಶ ಸುತ್ತಬೇಕು, ಕೋಶ ಓದಬೇಕು ಎಂದು ನಮ್ಮ ಹಿರಿಯರು ಹೇಳಿದರು. ಈ ಎರಡು ಮಾತುಗಳನ್ನೂ ಅವರು ಒಂದೇ ಉಸಿರಿನಲ್ಲಿ ಹೇಳಿದರೆಂಬುದನ್ನು ನಾವು ಸಾಮಾನ್ಯವಾಗಿ ಮರೆಯುತ್ತೇವೆ. ಹಿಂದಿನ ಕಾಲದಲ್ಲಿ ಕಾಶೀಯಾತ್ರೆಗೆ ಹೊರಡತಕ್ಕವರು ವರ್ಷಕ್ಕೆ ಮೊದಲೇ ಸಿದ್ಧತೆ ನಡೆಸುತ್ತಿದ್ದರು. ಹೋಗಿ ಬಂದವರನ್ನು ಕಂಡು ದಾರಿ ಕೇಳುತ್ತಿದ್ದರು, ಸಾಲಸೋಲ ತೀರಿಸುತ್ತಿದ್ದರು, ಕ್ಷೇತ್ರದ ಮಹಾತ್ಮ್ಯವನ್ನು ಓದಿಸಿ ಕೇಳುತ್ತಿದ್ದರು. ಅವರು ಕಾಶಿಯನ್ನು ಮುಟ್ಟುವ ವೇಳೆಗೆ ಕಾಶಿ ಅವರಿಗೆ ಪರಿಚಿತವಾದ ಊರಾಗಿರುತ್ತಿತ್ತು. ಈಗ ವಿಮಾನವು ಒಂದು ಹಗಲಿನಲ್ಲಿ ನಮ್ಮನ್ನು ಯೂರೋಪಿನಲ್ಲಿ ಇಳಿಸುತ್ತದೆ. ಸೌಕರ್ಯವು ಹೆಚ್ಚಿದಷ್ಟೂ ಸಿದ್ಧತೆಯು ಕಡಿಮೆಯಾಗಿದೆ ಎಂದರೆ ತಪ್ಪಾಗಲಾರದು.

ನಮ್ಮ ವಾಚಕರಲ್ಲಿ ಅನೇಕರ ಮಕ್ಕಳು ಇಂದು ಜರ್ಮನಿ, ಇಂಗ್ಲೆಂಡು ಮೊದಲಾದ ದೇಶಗಳಲ್ಲಿ ಉದ್ಯೋಗದಲ್ಲಿರುವರು. ತಂದೆತಾಯಿಗಳು ಅಲ್ಲಿಗೆ ಹೋದಾಗ, ಅಥವಾ ನಿವೃತ್ತರಾದವರು ಕೂಡಿಟ್ಟ ಹಣದಿಂದ ಒಮ್ಮೆ ಹೊರಟಾಗ, ಯಾವುದಾದರೊಂದು ಹಳೆಯ ನಗರವನ್ನು ಮೂರು ನಾಲ್ಕು ದಿನ ನೋಡಿಬರಬೇಕೆಂಬ ಆಸೆ ಸಹಜವಾದುದು. ಅದಕ್ಕಾಗಿ ಈ ತಿಂಗಳ ಅಂಕಣದಲ್ಲಿ ಇಟಲಿ ದೇಶದ ಫ್ಲಾರೆನ್ಸ್ ನಗರವನ್ನು ಆರಿಸಿಕೊಂಡಿದ್ದೇವೆ. ಆ ದೇಶದವರು ಅದನ್ನು ಫಿರೆಂಜೆ ಎನ್ನುತ್ತಾರೆ. ರೈಲಿನ ಹಲಗೆಗಳ ಮೇಲೆ ಈ ಹೆಸರೇ ಇರುವುದರಿಂದ ಹೋಗತಕ್ಕವರು ಇದನ್ನು ನೆನಪಿನಲ್ಲಿಡತಕ್ಕದ್ದು.

ಒಂದೇ ಊರು ಏಕೆ?

ಹತ್ತು ದಿನಗಳಲ್ಲಿ ಆರೇಳು ದೇಶಗಳನ್ನು ತೋರಿಸುವೆವೆಂದು ಹೇಳುವ ಪ್ರವಾಸಗಳು ಎಷ್ಟೋ ಇವೆ. ಅವುಗಳಲ್ಲಿ ಹೋಗಿಬಂದ ಹಿರಿಯರನ್ನು ವಿಚಾರಿಸಿದರೆ ಹೆಚ್ಚಿನವರಿಗೆ ನೆನಪಿನಲ್ಲಿ ಉಳಿದಿರುವುದು ಬಸ್ಸಿನ ಕಿಟಕಿ, ಮುಂಜಾನೆ ಐದು ಗಂಟೆಗೆ ಕಟ್ಟಿದ ಪೆಟ್ಟಿಗೆ ಮತ್ತು ಕಾಲುನೋವು. ಅರುವತ್ತೈದು ವರ್ಷದ ಗೃಹಸ್ಥರು ಮತ್ತು ಅವರ ಪತ್ನಿಯು ಇಂತಹ ಪ್ರಯಾಣವನ್ನು ಬಹುಶಃ ಒಮ್ಮೆಯೇ ಮಾಡುವರು. ಅದಕ್ಕೆ ವೆಚ್ಚವಾಗುವ ಹಣವು ಮಗಳ ಮದುವೆ, ಮನೆಯ ಸಾಲ, ಔಷಧೋಪಚಾರ ಇವೆಲ್ಲವುಗಳ ನಡುವೆ ಉಳಿಸಿದ ಹಣ. ಇಂತಹ ಹಣವನ್ನು ವೆಚ್ಚ ಮಾಡಿದ ಮೇಲೆ ಕಂಡುದು ಮನಸ್ಸಿನಲ್ಲಿ ನಿಲ್ಲಬೇಕು. ನಿಲ್ಲಬೇಕಾದರೆ ಕಡಿಮೆ ನೋಡಬೇಕು, ನಿಂತು ನೋಡಬೇಕು.

ಈ ಕಾರ್ಯಕ್ಕೆ ಫ್ಲಾರೆನ್ಸಿನಷ್ಟು ಅನುಕೂಲವಾದ ನಗರವು ಅಪರೂಪ. ಅಲ್ಲಿಯ ಜನಸಂಖ್ಯೆ ಮೂರೂವರೆ ಲಕ್ಷಕ್ಕೆ ಸ್ವಲ್ಪ ಮಿಕ್ಕಿದ್ದು. ಹಳೆಯ ಊರು ಆರ್ನೋ ನದಿಯ ಎರಡು ದಡಗಳಲ್ಲಿ ಕಿರಿದಾಗಿ ಅಡಕವಾಗಿದೆ. ಮಹಾದೇವಾಲಯದಿಂದ ನದಿಯ ಹಳೆಯ ಸೇತುವೆಗೆ ಹತ್ತು ಹನ್ನೆರಡು ನಿಮಿಷದ ನಡಿಗೆ. ರೈಲು ನಿಲ್ದಾಣದಿಂದ ಮಹಾದೇವಾಲಯಕ್ಕೂ ಅಷ್ಟೆ. ಹೊರಗಿನವರ ಮೋಟಾರು ಗಾಡಿಗಳಿಗೆ ಹಳೆಯ ಊರಿನ ಬಹುಭಾಗದಲ್ಲಿ ಪ್ರವೇಶ ನಿರ್ಬಂಧವಿದೆ. ಈ ಹಳೆಯ ನಗರಭಾಗವನ್ನು ಯುನೆಸ್ಕೋ ಸಂಸ್ಥೆಯು ೧೯೮೨ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು.

ಹೊರಡುವ ಮುನ್ನ ತಿಳಿಯಬೇಕಾದ ಕಥೆ

ಒಂದು ಕುಟುಂಬದ ಹೆಸರನ್ನೂ ಒಬ್ಬ ಹೆಂಗಸಿನ ಹೆಸರನ್ನೂ ತಿಳಿದುಕೊಂಡು ಹೋದರೆ ಸಾಕು, ಊರಿನ ಅರ್ಧಭಾಗ ಅರ್ಥವಾಗುತ್ತದೆ. ಕುಟುಂಬವು ಮೆದಿಚಿ ಎಂಬುದು. ಇವರು ಮೊದಲು ಲೇವಾದೇವಿ ನಡೆಸಿದ ವರ್ತಕರು. ಹದಿನೈದನೆಯ ಶತಮಾನದಲ್ಲಿ ನಗರದ ಒಡೆತನವನ್ನು ಕೈಗೆ ತೆಗೆದುಕೊಂಡು ಮುಂದೆ ಪ್ರಭುಗಳೇ ಆದರು. ಶಿಲ್ಪಿಗಳಿಗೂ ಚಿತ್ರಕಾರರಿಗೂ ವಿದ್ವಾಂಸರಿಗೂ ಇವರು ಆಶ್ರಯವಿತ್ತರು. ನಮ್ಮ ನಾಡಿನಲ್ಲಿ ಅರಸುಮನೆತನಗಳು ದೇವಾಲಯಗಳನ್ನೂ ಕವಿಗಳನ್ನೂ ಪೋಷಿಸಿದ ರೀತಿಯನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆ ಹೆಂಗಸು ಮೆದಿಚಿ ವಂಶದ ಕೊನೆಯ ಕುಡಿಯಾದ ಆನ್ನಾ ಮರಿಯಾ ಲುಯಿಸಾ. ಅಣ್ಣತಮ್ಮಂದಿರಿಗೂ ಮಕ್ಕಳಿಲ್ಲ, ಆಕೆಗೂ ಮಕ್ಕಳಿಲ್ಲ. ೧೭೩೭ರಲ್ಲಿ ರಾಜ್ಯವು ಪರವಂಶದ ಕೈ ಸೇರಿತು. ಆಗ ಆಕೆ ಹೊಸ ಪ್ರಭುಗಳೊಡನೆ ಒಂದು ಒಪ್ಪಂದ ಮಾಡಿಕೊಂಡಳು. ತನ್ನ ಮನೆತನವು ಮುನ್ನೂರು ವರ್ಷ ಸಂಗ್ರಹಿಸಿದ ಚಿತ್ರ, ಪ್ರತಿಮೆ, ಗ್ರಂಥ, ರತ್ನಗಳೆಲ್ಲವನ್ನೂ ಅವರಿಗೆ ಬಿಟ್ಟುಕೊಟ್ಟಳು. ಆದರೆ ಅವುಗಳಲ್ಲಿ ಒಂದನ್ನೂ ರಾಜಧಾನಿಯಿಂದಲೂ ರಾಜ್ಯದಿಂದಲೂ ಹೊರಗೆ ಒಯ್ಯಕೂಡದೆಂದು ಕಟ್ಟು ಮಾಡಿದಳು. ಅವು ರಾಜ್ಯಕ್ಕೆ ಭೂಷಣವಾಗಿರಬೇಕು, ಜನಕ್ಕೆ ಉಪಯೋಗವಾಗಬೇಕು, ಪರದೇಶದವರ ಕುತೂಹಲವನ್ನು ಸೆಳೆಯಬೇಕು ಎಂಬುದೇ ಆಕೆಯ ಉದ್ದೇಶವಾಗಿತ್ತು. ೧೭೪೩ರಲ್ಲಿ ಆಕೆ ತೀರಿಕೊಂಡಳು. ವಂಶ ಅಳಿದೊಡನೆ ಐಶ್ವರ್ಯವು ಹಂಚಿಹೋದ ಅರಮನೆಗಳು ಲೋಕದಲ್ಲಿ ಎಷ್ಟಿಲ್ಲ! ಇಂದು ನಾವು ಪರದೇಶದವರಾಗಿ ಅಲ್ಲಿಗೆ ಹೋಗಿ ನೋಡುವುದಕ್ಕೆ ಏನಾದರೂ ಉಳಿದಿದ್ದರೆ ಅದು ಬಹುಮಟ್ಟಿಗೆ ಮಕ್ಕಳಿಲ್ಲದ ಆ ಹೆಂಗಸಿನ ದೂರದೃಷ್ಟಿಯ ಫಲ.

ಕಾಗದಪತ್ರ, ಕಾಲ, ಹಣ

ಇಟಲಿಯು ಶೆಂಗೆನ್ ಒಕ್ಕೂಟದ ದೇಶವಾದುದರಿಂದ ಭಾರತೀಯರು ಅಲ್ಪಕಾಲದ ಶೆಂಗೆನ್ ವೀಸಾ ಪಡೆಯಬೇಕು. ಪ್ರಯಾಣಕ್ಕೆ ಆರು ತಿಂಗಳು ಮುಂಚಿನಿಂದ ಅರ್ಜಿ ಹಾಕಬಹುದು. ಕೊನೆಯ ಪಕ್ಷ ಹದಿನೈದು ದಿನ ಮುಂಚೆ ಹಾಕಲೇಬೇಕು. ಬೇಸಗೆಯ ರಜೆಗೆ ಮುಂಚೆ ಅರ್ಜಿದಾರರ ನೂಕುನುಗ್ಗಲು ಇರುವುದರಿಂದ ಮೂರು ತಿಂಗಳು ಮುಂಚೆ ಹೊರಡುವುದು ಲೇಸು. ಪಾಸ್‌ಪೋರ್ಟು ಕಳೆದ ಹತ್ತು ವರ್ಷಗಳೊಳಗೆ ಪಡೆದುದಾಗಿರಬೇಕು, ಹಿಂದಿರುಗುವ ದಿನದಿಂದ ಮುಂದೆ ಮೂರು ತಿಂಗಳಾದರೂ ಊರ್ಜಿತವಾಗಿರಬೇಕು, ಎರಡು ಹಾಳೆಗಳು ಖಾಲಿ ಇರಬೇಕು. ಕನಿಷ್ಠ ೩೦,೦೦೦ ಯೂರೋಗಳ ವೈದ್ಯಕೀಯ ವಿಮೆ ಕಡ್ಡಾಯ. ೨೦೨೪ರ ಜೂನ್ ತಿಂಗಳಿನಿಂದ ವೀಸಾ ಶುಲ್ಕವು ದೊಡ್ಡವರಿಗೆ ೯೦ ಯೂರೋ, ಆರರಿಂದ ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ ೪೫ ಯೂರೋ ಎಂದು ಗೊತ್ತಾಗಿದೆ. ವೀಸಾ ದೊರೆಯದಿದ್ದರೂ ಈ ಶುಲ್ಕ ಹಿಂದಿರುಗಿ ಬರುವುದಿಲ್ಲ. ಆದುದರಿಂದ ಹಣ ಮರಳಿ ಬರುವಂತಹ ಷರತ್ತಿನ ವಸತಿಯನ್ನೇ ಮೊದಲು ಗೊತ್ತುಮಾಡಿಕೊಳ್ಳುವುದು ವಿವೇಕ.

ಕಾಲದ ವಿಷಯ. ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಫ್ಲಾರೆನ್ಸಿನ ಸೆಕೆಯು ನಮ್ಮ ರಾಯಚೂರಿನವರಿಗೂ ಬೇಸರ ತರುವಂಥದು. ಊರು ಬೆಟ್ಟಗಳ ನಡುವಿನ ತಗ್ಗಿನಲ್ಲಿದೆ, ಗಾಳಿಯ ಸುಳಿವಿಲ್ಲ. ಏಪ್ರಿಲ್, ಮೇ, ಸೆಪ್ಟೆಂಬರಿನ ಕೊನೆ, ಅಕ್ಟೋಬರ್ ಇವು ಹಿತವಾದ ತಿಂಗಳುಗಳು. ಜನಸಂದಣಿಯನ್ನು ಸಹಿಸಲಾರದವರು ನವೆಂಬರಿನಲ್ಲೋ ಫೆಬ್ರುವರಿಯಲ್ಲೋ ಹೋಗಬಹುದು. ಮಳೆಯೂ ಚಳಿಯೂ ಇರುವುವು, ಆದರೆ ಚಿತ್ರಶಾಲೆಗಳು ಒಳಾಂಗಣಗಳಷ್ಟೆ. ಅಲ್ಲಿಯ ಗಡಿಯಾರವು ನಮ್ಮದಕ್ಕಿಂತ ಬೇಸಗೆಯಲ್ಲಿ ಮೂರೂವರೆ ಗಂಟೆ, ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ ಹಿಂದೆ. ಹೋದ ದಿನ ಸಂಜೆಯೇ ಕಣ್ಣು ಮುಚ್ಚುತ್ತದೆ, ಮರುದಿನ ಬೆಳಗಿನ ಜಾವಕ್ಕೆ ಎಚ್ಚರವಾಗುತ್ತದೆ. ಇದನ್ನು ತೊಂದರೆಯೆಂದು ತಿಳಿಯದೆ, ಮುಂದೆ ಹೇಳುವಂತೆ, ಉಪಯೋಗಿಸಿಕೊಳ್ಳಬಹುದು.

ಊರಿನ ಹೊರವಲಯದಲ್ಲಿಯೇ ಚಿಕ್ಕ ವಿಮಾನ ನಿಲ್ದಾಣವೊಂದಿದೆ. ಅಲ್ಲಿಂದ ಟ್ರಾಮ್ ಗಾಡಿಯಲ್ಲಿ ಊರ ನಡುವಿಗೆ ಬರಬಹುದು. ರೋಮಿಗೆ ಹೋಗಿ ಇಳಿದವರು ಶೀಘ್ರಗಾಮಿ ರೈಲಿನಲ್ಲಿ ಸುಮಾರು ಒಂದೂವರೆ ಗಂಟೆಗೆ ಫ್ಲಾರೆನ್ಸ್ ತಲಪುವರು. ಸಾಂತಾ ಮರಿಯಾ ನೊವೆಲ್ಲಾ ಎಂಬ ನಿಲ್ದಾಣದಲ್ಲಿ ಇಳಿಯತಕ್ಕದ್ದು. ವಸತಿಯನ್ನು ಗೊತ್ತುಮಾಡುವಾಗ ಮೇಲ್ಮಹಡಿಗೆ ಲಿಫ್ಟ್ ಉಂಟೇ ಎಂಬುದನ್ನು ಕೇಳಲು ಮರೆಯಬಾರದು. ಹಳೆಯ ಕಟ್ಟಡಗಳಲ್ಲಿ ಎಷ್ಟೋ ಕಡೆ ಅದಿಲ್ಲ. ಪೆಟ್ಟಿಗೆ ಹೊತ್ತು ಮೂರು ಮಹಡಿ ಏರಿದ ಅಜ್ಜಿಗೆ ಮರುದಿನ ಯಾವ ಚಿತ್ರವೂ ಸೊಗಸುವುದಿಲ್ಲ. ಪ್ರವಾಸಿಗಳಿಗೆ ಬಾಡಿಗೆಗೆ ಕೊಡುವುದಕ್ಕಾಗಿ ಮನೆಗಳೆಲ್ಲ ಮೀಸಲಾಗಿ, ಊರಿನವರಿಗೇ ಹಳೆಯ ಊರಿನಲ್ಲಿ ಮನೆ ದೊರೆಯದಂತಾಗಿ, ೨೦೨೩ರಲ್ಲಿ ನಗರಸಭೆಯು ಅಲ್ಲಿ ಇಂತಹ ಹೊಸ ಬಾಡಿಗೆಮನೆಗಳನ್ನು ತಡೆಯುವ ನಿರ್ಣಯ ಕೈಗೊಂಡಿತು. ಆದುದರಿಂದ ಸಣ್ಣ ಹೋಟೆಲುಗಳನ್ನೋ, ಕನ್ಯಾಮಠಗಳವರು ನಡೆಸುವ ಅತಿಥಿಗೃಹಗಳನ್ನೋ ಆರಿಸುವುದು ನಮಗೂ ಊರಿಗೂ ಒಳ್ಳೆಯದು. ವಸತಿಯ ದರವಲ್ಲದೆ ಪ್ರತಿ ರಾತ್ರಿಗೂ ತಲೆಗೆ ಇಷ್ಟೆಂದು ನಗರ ತೆರಿಗೆಯೊಂದುಂಟು. ಲೆಕ್ಕದಲ್ಲಿ ಅದನ್ನೂ ಸೇರಿಸಬೇಕು.

ದಿನಗಳನ್ನು ಆರಿಸುವಾಗ ಪಂಚಾಂಗಕ್ಕೆ ಬದಲು ವಾರವನ್ನು ನೋಡಬೇಕು. ಉಫಿತ್ಸಿ, ಅಕಾಡೆಮಿಯಾ ಎಂಬ ಎರಡು ಮುಖ್ಯ ಶಾಲೆಗಳಿಗೂ ಸೋಮವಾರ ರಜೆ. ತಿಂಗಳ ಮೊದಲನೆಯ ಭಾನುವಾರ ಸರಕಾರದ ಸಂಗ್ರಹಾಲಯಗಳಿಗೆ ಪ್ರವೇಶ ಧರ್ಮಾರ್ಥ. ಆದರೆ ಅಂದಿನ ಸರತಿಯ ಸಾಲು ನಮ್ಮ ತಿರುಪತಿಯ ಸಾಲನ್ನು ನೆನಪಿಗೆ ತರುವುದು. ಹದಿನೆಂಟು ವರ್ಷ ತುಂಬದ ಮಕ್ಕಳಿಗೆ ಅವರು ಯಾವ ದೇಶದವರಾಗಿದ್ದರೂ ಈ ಸಂಗ್ರಹಾಲಯಗಳಲ್ಲಿ ಟಿಕೇಟಿನ ಬೆಲೆಯಿಲ್ಲ, ಪಾಸ್‌ಪೋರ್ಟು ತೋರಿಸಬೇಕು. ಎರಡೂ ಶಾಲೆಗಳ ಟಿಕೇಟನ್ನು ಮನೆಯಿಂದಲೇ ಅಂತರಜಾಲದ ಮೂಲಕ ಗಂಟೆ ಗೊತ್ತುಮಾಡಿ ಪಡೆಯಬೇಕು. ಸಂಗ್ರಹಾಲಯಗಳು ತಾವೇ ನಡೆಸುವ ತಾಣಗಳಲ್ಲಿ ಕೊಂಡರೆ ಮಧ್ಯವರ್ತಿಗಳ ಲಾಭದ ಹೊರೆ ತಪ್ಪುತ್ತದೆ.

ಮೊದಲನೆಯ ದಿನ

ಬೆಳಗಿನ ಜಾವಕ್ಕೆ ಎಚ್ಚರವಾದವರು ಏಳು ಗಂಟೆಗೆ ಹೊರಟು ಮಹಾದೇವಾಲಯದ ಅಂಗಳಕ್ಕೆ ಹೋಗಬೇಕು. ಆ ಹೊತ್ತಿನಲ್ಲಿ ಅಲ್ಲಿ ಕಸ ಗುಡಿಸುವವರೂ ಪಾರಿವಾಳಗಳೂ ಹೊರತು ಬೇರೆ ಯಾರೂ ಹೆಚ್ಚಾಗಿ ಇರುವುದಿಲ್ಲ. ಬಿಳಿ, ಹಸುರು, ಕೆಂಪು ಅಮೃತಶಿಲೆಗಳಿಂದ ಕಟ್ಟಿದ ಈ ಸಾಂತಾ ಮರಿಯಾ ದೆಲ್ ಫಿಯೋರೆ ದೇವಾಲಯದ ಕೆಲಸ ೧೨೯೬ರಲ್ಲಿ ಆರಂಭವಾಯಿತು. ಗೋಡೆಗಳು ಎದ್ದು ನಿಂತವು, ನಡುವೆ ಮಹಾರಂಧ್ರವೊಂದು ಉಳಿಯಿತು. ಅದನ್ನು ಮುಚ್ಚುವ ಬಗೆ ಯಾರಿಗೂ ತಿಳಿಯದೆ ಹಲವು ದಶಕಗಳು ಕಳೆದುವು. ನೆಲದಿಂದ ಮರದ ಆಧಾರ ನಿಲ್ಲಿಸಿ ಕಮಾನು ಕಟ್ಟುವುದಾದರೆ ಅಷ್ಟು ಎತ್ತರಕ್ಕೆ ಮರವೇ ಸಾಲದು. ಫಿಲಿಪ್ಪೋ ಬ್ರುನೆಲ್ಲೆಸ್ಕಿ ಎಂಬ ಅಕ್ಕಸಾಲಿಗನು ಆಧಾರವಿಲ್ಲದೆಯೇ ಕಟ್ಟುವೆನೆಂದು ಮುಂದೆ ಬಂದನು. ೧೪೨೦ರಲ್ಲಿ ಆರಂಭಿಸಿ ೧೪೩೬ರಲ್ಲಿ ಗುಮ್ಮಟವನ್ನು ಮುಚ್ಚಿದನು. ಒಳಗೊಂದು ಹೊರಗೊಂದು ಎಂದು ಎರಡು ಚಿಪ್ಪುಗಳು. ಮೀನಿನ ಮೂಳೆಯಂತೆ ಓರೆಯಾಗಿ ಹೆಣೆದ ಇಟ್ಟಿಗೆಗಳು ಒಂದನ್ನೊಂದು ಹಿಡಿದು ಬೀಳದಂತೆ ನಿಂತಿವೆ.

ವಿಜಾಪುರದ ಗೋಳಗುಮ್ಮಟವನ್ನು ಕಂಡ ಕನ್ನಡಿಗರು ಇಲ್ಲಿ ಬೇರೆಯವರಿಗಿಂತ ಹೆಚ್ಚು ಕಾಣಬಲ್ಲರು. ಗೋಳಗುಮ್ಮಟದ ಒಳವ್ಯಾಸ ಸುಮಾರು ೩೮ ಮೀಟರು. ಈ ಗುಮ್ಮಟದ್ದು ಸುಮಾರು ೪೫ ಮೀಟರು. ನಮ್ಮದು ಒಂದಕ್ಕೊಂದು ಅಡ್ಡಹಾಯುವ ಕಮಾನುಗಳ ಮೇಲೆ ಕುಳಿತ ಒಂದೇ ಚಿಪ್ಪಿನ ಗೋಳ. ಅವರದು ಎಂಟು ಮುಖಗಳ ಎರಡು ಚಿಪ್ಪಿನ ಗೋಪುರ. ಒಂದೇ ಸಮಸ್ಯೆಗೆ ದೂರದೂರದ ಎರಡು ನಾಡಿನ ಕೆಲಸಗಾರರು ಬೇರೆ ಬೇರೆ ಉತ್ತರ ಕಂಡುಕೊಂಡರು. ಮೊಮ್ಮಕ್ಕಳು ಜೊತೆಗಿದ್ದರೆ ಅವರಿಗೆ ಇದನ್ನು ಹೇಳಿ ತೋರಿಸತಕ್ಕದ್ದು.

ಗುಮ್ಮಟದ ತುದಿಗೆ ೪೬೩ ಮೆಟ್ಟಲುಗಳು. ಲಿಫ್ಟ್ ಇಲ್ಲ, ದಾರಿ ಕಿರಿದು, ನಡುವೆ ಹಿಂದಿರುಗುವುದು ಕಷ್ಟ. ಹೃದ್ರೋಗವುಳ್ಳವರೂ, ಮಂಡಿನೋವಿನವರೂ, ಇಕ್ಕಟ್ಟಿನಲ್ಲಿ ಉಸಿರು ಕಟ್ಟಿದಂತಾಗುವವರೂ ಖಂಡಿತ ಏರಕೂಡದು. ಪಕ್ಕದಲ್ಲಿರುವ ಜೊತ್ತೋನ ಗಂಟೆಗೋಪುರಕ್ಕೂ ೪೧೪ ಮೆಟ್ಟಲುಗಳುಂಟು. ಮಕ್ಕಳು ಏರಲಿ, ಹಿರಿಯರು ಅಷ್ಟು ಹೊತ್ತಿನಲ್ಲಿ ದೇವಾಲಯದ ಹಿಂಬದಿಯಲ್ಲಿರುವ ಸಂಗ್ರಹಾಲಯಕ್ಕೆ ಹೋಗಲಿ. ಅಲ್ಲಿ ಲೊರೆಂತ್ಸೋ ಗಿಬೆರ್ತಿಯು ೧೪೨೫ರಿಂದ ೧೪೫೨ರ ವರೆಗೆ ದುಡಿದು ಮಾಡಿದ ಚಿನ್ನದ ಲೇಪದ ಕಂಚಿನ ಬಾಗಿಲುಗಳಿವೆ. ಎದುರಿನ ಜ್ಞಾನಸ್ನಾನಗೃಹದಲ್ಲಿ ಜನರು ಮುತ್ತಿಕೊಂಡು ನೋಡುವ ಬಾಗಿಲು ಅದರ ಪ್ರತಿಕೃತಿ; ಮೂಲವು ಈ ಸಂಗ್ರಹಾಲಯದಲ್ಲಿದೆ. ಇಲ್ಲಿ ಕುಳಿತುಕೊಳ್ಳಲು ಸ್ಥಳವೂ ಉಂಟು.

ಮಹಾದೇವಾಲಯದ ಒಳಗೆ ಪ್ರವೇಶಕ್ಕೆ ಬೆಲೆಯಿಲ್ಲ. ಭುಜವೂ ಮಂಡಿಯೂ ಮುಚ್ಚಿರಬೇಕೆಂಬ ನಿಯಮ ಅಲ್ಲಿಯ ಎಲ್ಲ ದೇವಾಲಯಗಳಿಗೂ ಅನ್ವಯಿಸುತ್ತದೆ. ಸೀರೆಯುಟ್ಟು ಹೋಗತಕ್ಕ ನಮ್ಮ ಹೆಂಗಸರಿಗೆ ಈ ಚಿಂತೆಯಿಲ್ಲ. ಮಧ್ಯಾಹ್ನ ಕಡ್ಡಾಯವಾಗಿ ವಸತಿಗೆ ಹಿಂದಿರುಗಿ ಎರಡು ಗಂಟೆ ಮಲಗಬೇಕು. ಸಂಜೆ ಹಳೆಯ ಸೇತುವೆಯ ಕಡೆಗೆ ಮೆಲ್ಲನೆ ನಡೆಯಬಹುದು. ೧೩೪೫ರಲ್ಲಿ ಕಟ್ಟಿದ ಈ ಪೊಂತೆ ವೆಕ್ಕಿಯೋ ಸೇತುವೆಯ ಇಕ್ಕೆಲಗಳಲ್ಲಿ ಮೊದಲು ಕಟುಕರ ಅಂಗಡಿಗಳಿದ್ದುವು. ಆ ದುರ್ವಾಸನೆಯನ್ನು ಸಹಿಸದೆ ಪ್ರಭುವಾದ ಫೆರ್ದಿನಾಂದೋ ೧೫೯೩ರಲ್ಲಿ ಅವರನ್ನು ಎಬ್ಬಿಸಿ ಅಕ್ಕಸಾಲಿಗರಿಗೆ ಕೊಟ್ಟನು. ಇಂದಿಗೂ ಅಲ್ಲಿ ಒಡವೆಯ ಅಂಗಡಿಗಳೇ. ನೋಡುವುದಕ್ಕೆ ಹಣ ಕೊಡಬೇಕಾಗಿಲ್ಲ ಎಂದಷ್ಟೇ ನಮ್ಮ ಗೃಹಿಣಿಯರಿಗೆ ಅರಿಕೆ ಮಾಡುತ್ತೇವೆ. ೧೯೪೪ರ ಆಗಸ್ಟ್ ಮೊದಲ ವಾರದಲ್ಲಿ ಹಿಮ್ಮೆಟ್ಟುತ್ತಿದ್ದ ಜರ್ಮನ್ ಸೈನ್ಯವು ನಗರದ ಸೇತುವೆಗಳನ್ನೆಲ್ಲ ಸಿಡಿಸಿ ಹಾಳುಮಾಡಿ ಇದೊಂದನ್ನು ಮಾತ್ರ ಉಳಿಸಿತು.

ಎರಡನೆಯ ದಿನ

ಉಫಿತ್ಸಿ ಎಂದರೆ ಕಚೇರಿಗಳು. ೧೫೬೦ರಲ್ಲಿ ವಾಸಾರಿ ಎಂಬ ಶಿಲ್ಪಿಯು ಸರಕಾರದ ಕಚೇರಿಗಳಿಗೆಂದು ಕಟ್ಟಲಾರಂಭಿಸಿದ ಭವನವಿದು. ೧೭೬೯ರಲ್ಲಿ ಸಾರ್ವಜನಿಕರಿಗೆ ತೆರೆಯಿತು. ಬೆಳಗ್ಗೆ ಬಾಗಿಲು ತೆರೆಯುವ ಹೊತ್ತಿನ ಟಿಕೇಟನ್ನೇ ಪಡೆದಿರಬೇಕು. ಕೋಣೆಗಳು ಹತ್ತಾರು, ಚಿತ್ರಗಳು ಅಸಂಖ್ಯ. ಇಲ್ಲಿಯೇ ಹೆಚ್ಚಿನ ಪ್ರವಾಸಿಗಳು ಸೋಲುವುದು. ಎಲ್ಲವನ್ನೂ ನೋಡುವೆನೆಂದು ಹೊರಟವನು ಮೂರನೆಯ ಗಂಟೆಯ ಹೊತ್ತಿಗೆ ಗೋಡೆಯನ್ನು ಬಿಟ್ಟು ಬೆಂಚನ್ನು ಹುಡುಕುತ್ತಾನೆ. ಮನೆಯಲ್ಲಿಯೇ ಕುಳಿತು ಆರು ಚಿತ್ರಗಳನ್ನು ಗೊತ್ತುಮಾಡಿಕೊಂಡು ಹೋಗತಕ್ಕದ್ದು. ಜೊತ್ತೋ ಬರೆದ ಸಿಂಹಾಸನದ ಮೇಲಿನ ಮೇರಿಮಾತೆ. ಬೊತ್ತಿಚೆಲ್ಲಿಯ ವಸಂತ, ವೀನಸ್ ದೇವಿಯ ಜನನ. ಲಿಯೊನಾರ್ಡೋ ತಾರುಣ್ಯದಲ್ಲಿ ಬರೆದ ದೇವದೂತನ ವಾರ್ತೆ. ಮೈಕೆಲ್ ಏಂಜೆಲೋವಿನ ದುಂಡು ಚೌಕಟ್ಟಿನ ಪವಿತ್ರ ಕುಟುಂಬ. ಕಾರಾವಾಜ್ಜೋವಿನ ಬಾಕಸ್ ದೇವತೆ. ಒಂದೊಂದರ ಮುಂದೆ ಹತ್ತು ನಿಮಿಷ ನಿಂತರೂ ಒಂದು ಗಂಟೆಯಾಯಿತು; ನಡಿಗೆಗೂ ವಿಶ್ರಾಂತಿಗೂ ಇನ್ನೊಂದು ಗಂಟೆ. ಅಷ್ಟು ಸಾಕು.

ಈ ಮಾತನ್ನು ನಾವು ಆಯಾಸವನ್ನು ಕುರಿತು ಮಾತ್ರ ಹೇಳುತ್ತಿಲ್ಲ. ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಈ ಊರಿಗೆ ಬಂದ ಸ್ತೆಂದಾಲ್ ಎಂಬ ಫ್ರೆಂಚ್ ಲೇಖಕನು ಸಾಂತಾ ಕ್ರೋಚೆ ದೇವಾಲಯವನ್ನು ನೋಡಿ ಹೊರಬರುವಾಗ ಎದೆ ಬಡಿದು ಬೀಳುವಂತಾಯಿತೆಂದು ಬರೆದಿರುವನು. ಆ ಊರಿನ ಮನೋವೈದ್ಯೆಯಾದ ಗ್ರಾತ್ಸಿಯೆಲ್ಲಾ ಮಾಗೆರಿನಿ ಎಂಬಾಕೆ ಇಂತಹ ಸ್ಥಿತಿಯಲ್ಲಿ ಆಸ್ಪತ್ರೆಗೆ ಬಂದ ಪ್ರವಾಸಿಗಳನ್ನು ಪರೀಕ್ಷಿಸಿ ೧೯೮೯ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿ ಇದಕ್ಕೆ ಆ ಲೇಖಕನ ಹೆಸರನ್ನೇ ಇಟ್ಟಳು. ಇದು ಪ್ರತ್ಯೇಕ ರೋಗವೇ ಎಂಬುದರಲ್ಲಿ ಭಿನ್ನಾಭಿಪ್ರಾಯವುಂಟು. ಆದರೆ ನಿದ್ದೆಗೆಟ್ಟು, ಹೊಟ್ಟೆ ಬರಿದಾಗಿ, ನೀರು ಕುಡಿಯದೆ, ಗಂಟೆಗಟ್ಟಲೆ ನಿಂತು ನೋಡಿದವರಿಗೆ ತಲೆ ಸುತ್ತುವುದಕ್ಕೆ ಶಾಸ್ತ್ರದ ಆಧಾರ ಬೇಕಾಗಿಲ್ಲ.

ಮಧ್ಯಾಹ್ನದ ನಿದ್ದೆಯಾದ ಮೇಲೆ ಅದೇ ಸಾಂತಾ ಕ್ರೋಚೆಗೆ ಹೋಗಬಹುದು. ೧೫೬೪ರಲ್ಲಿ ರೋಮಿನಲ್ಲಿ ತೀರಿಕೊಂಡ ಮೈಕೆಲ್ ಏಂಜೆಲೋವನ್ನು ಊರಿಗೆ ತಂದು ಇಲ್ಲಿ ಸಮಾಧಿ ಮಾಡಿದರು. ಮ್ಯಾಕಿಯವೆಲ್ಲಿಯ ಸಮಾಧಿಯೂ ಇಲ್ಲಿಯೇ. ಗೆಲಿಲಿಯೋ ೧೬೪೨ರಲ್ಲಿ ಧರ್ಮಪೀಠದ ಶಿಕ್ಷೆಗೆ ಒಳಗಾದವನಾಗಿಯೇ ತೀರಿಕೊಂಡುದರಿಂದ ಅವನಿಗೆ ಮೊದಲು ಮೂಲೆಯ ಚಿಕ್ಕ ಕೋಣೆಯೇ ಗತಿಯಾಯಿತು. ತೊಂಬತ್ತೈದು ವರ್ಷಗಳ ತರುವಾಯ, ೧೭೩೭ರಲ್ಲಿ, ಮಹಾಮಂಟಪದೊಳಗೆ ಈಗಿನ ಸಮಾಧಿ ದೊರೆಯಿತು. ಮಹಾಕವಿ ದಾಂತೆಯ ಹೆಸರಿನಲ್ಲಿಯೂ ದೊಡ್ಡ ಸ್ಮಾರಕವಿದೆ. ಆದರೆ ಅದು ಬರಿದು. ಊರಿನಿಂದ ೧೩೦೨ರಲ್ಲಿ ಹೊರಗಟ್ಟಿಸಿಕೊಂಡ ಕವಿಯು ರಾವೆನ್ನಾದಲ್ಲಿ ೧೩೨೧ರಲ್ಲಿ ಸತ್ತನು. ಅವನನ್ನು ಮರಳಿ ಕೊಡೆಂದು ಫ್ಲಾರೆನ್ಸಿನವರು ಕೇಳಿದರೂ ರಾವೆನ್ನಾದವರು ಕೊಡಲಿಲ್ಲ.

ಇದೇ ದೇವಾಲಯದಲ್ಲಿ ಚಿಮಾಬೂಯೆ ಬರೆದ ಮರದ ಶಿಲುಬೆಯೊಂದಿದೆ. ಬಣ್ಣದ ಬಹುಭಾಗ ಹೋಗಿದೆ. ೧೯೬೬ರ ನವೆಂಬರ್ ೪ರಂದು ಆರ್ನೋ ನದಿ ಉಕ್ಕಿ ಊರನ್ನು ಹೊಕ್ಕಾಗ ಈ ಭಾಗದಲ್ಲಿ ಕೆಲವೆಡೆ ಆರು ಮೀಟರಿಗೂ ಮಿಕ್ಕಿ ನೀರು ನಿಂತಿತು. ರಾಷ್ಟ್ರೀಯ ಗ್ರಂಥಾಲಯದ ಪುಸ್ತಕಗಳು ಕೆಸರಿನಲ್ಲಿ ಹೂತುಹೋದುವು. ಆಗ ನಾನಾ ದೇಶಗಳಿಂದ ಬಂದ ತರುಣ ತರುಣಿಯರು ಸಾಲಾಗಿ ನಿಂತು ಕೈಯಿಂದ ಕೈಗೆ ಪುಸ್ತಕಗಳನ್ನು ದಾಟಿಸಿ ಮೇಲೆ ತಂದರು. ಊರಿನವರು ಅವರನ್ನು ಕೆಸರಿನ ದೇವದೂತರೆಂದು ಕರೆದರು. ಹಾಳಾದ ಶಿಲುಬೆಯನ್ನು ಪೂರ್ತಿ ಹೊಸದಾಗಿ ಬಳಿಯದೆ, ಹೋದುದು ಹೋದಂತೆ ಕಾಣುವ ಹಾಗೆ ಉಳಿಸಿಕೊಂಡಿರುವರು. ಅದನ್ನು ನೋಡದೆ ಬರಬಾರದು.

ಮೂರನೆಯ ದಿನ

ಬೆಳಗ್ಗೆ ಅಕಾಡೆಮಿಯಾ. ಮೈಕೆಲ್ ಏಂಜೆಲೋ ಇಪ್ಪತ್ತಾರನೆಯ ವಯಸ್ಸಿನಲ್ಲಿ, ಹಿಂದಿನವರು ಕೆತ್ತಲಾರದೆ ಬಿಟ್ಟಿದ್ದ ಶಿಲೆಯನ್ನು ತೆಗೆದುಕೊಂಡು ೧೫೦೧ರಿಂದ ೧೫೦೪ರ ವರೆಗೆ ಕೆತ್ತಿದ ದಾವೀದನ ಪ್ರತಿಮೆ ಇಲ್ಲಿದೆ; ಎತ್ತರ ಐದು ಮೀಟರಿಗೂ ಮಿಗಿಲು. ೧೮೭೩ರ ವರೆಗೆ ಅದು ನಗರಸಭಾಭವನದ ಮುಂದೆ ಬಿಸಿಲು ಮಳೆಯಲ್ಲಿ ನಿಂತಿತ್ತು. ಈಗ ಅಲ್ಲಿರುವುದು ೧೯೧೦ರಲ್ಲಿ ಇಟ್ಟ ಪ್ರತಿಕೃತಿ. ದಾವೀದನಿಗೆ ಹೋಗುವ ದಾರಿಯ ಎರಡು ಬದಿಗಳಲ್ಲಿ ಅರ್ಧ ಕೆತ್ತಿ ಬಿಟ್ಟ ಸೆರೆಯಾಳುಗಳ ಪ್ರತಿಮೆಗಳಿವೆ. ಜನರು ಅವನ್ನು ದಾಟಿ ಓಡುವರು. ಕಲ್ಲಿನಿಂದ ಮನುಷ್ಯನು ಹೇಗೆ ಹೊರಬರುವನೆಂಬುದನ್ನು ಅರಿಯಬೇಕಾದವರು ಇಲ್ಲಿಯೇ ನಿಲ್ಲಬೇಕು. ಬೇಲೂರಿನಲ್ಲಿ, ಹಳೇಬೀಡಿನಲ್ಲಿ ಮುಗಿಯದೆ ಉಳಿದ ಕೆತ್ತನೆಗಳನ್ನು ಕಂಡವರಿಗೆ ಈ ರುಚಿ ಆಗಲೇ ತಿಳಿದಿರುವುದು.

ಅಲ್ಲಿಂದ ಐದು ನಿಮಿಷದ ದಾರಿಯಲ್ಲಿ ಸಾನ್ ಮಾರ್ಕೋ ಮಠ. ಹದಿನೈದನೆಯ ಶತಮಾನದಲ್ಲಿ ಫ್ರಾ ಆಂಜೆಲಿಕೋ ಎಂಬ ಸನ್ಯಾಸಿಯು ಶಿಷ್ಯರೊಡಗೂಡಿ ತನ್ನ ಸಹಸನ್ಯಾಸಿಗಳ ಒಂದೊಂದು ಕೋಣೆಯ ಗೋಡೆಯ ಮೇಲೂ ಧ್ಯಾನಕ್ಕೆಂದು ಒಂದೊಂದು ಚಿತ್ರ ಬರೆದನು. ಇಲ್ಲಿ ಗದ್ದಲ ಕಡಿಮೆ. ಮಧ್ಯಾಹ್ನಕ್ಕೆ ಬಾಗಿಲು ಮುಚ್ಚುವುದರಿಂದ ಬೆಳಗ್ಗೆಯೇ ನೋಡಬೇಕು. ಸುಖಜೀವನವನ್ನು ಖಂಡಿಸಿ ಊರನ್ನೇ ನಡುಗಿಸಿ, ಕೊನೆಗೆ ೧೪೯೮ರ ಮೇ ೨೩ರಂದು ಚೌಕದಲ್ಲಿ ನೇಣಿಗೇರಿ ಸುಡಲ್ಪಟ್ಟ ಸಾವೊನರೋಲನ ಕೋಣೆಯೂ ಇಲ್ಲಿದೆ. ಸಂಜೆ ಬಸ್ಸಿನಲ್ಲಿ ನದಿಯಾಚೆಯ ಗುಡ್ಡದ ಮೇಲಿರುವ ಸಾನ್ ಮಿನಿಯಾತೋ ದೇವಾಲಯಕ್ಕೆ ಹೋಗಿ, ಇಳಿಯುವಾಗ ಮೈಕೆಲ್ ಏಂಜೆಲೋ ಹೆಸರಿನ ಬಯಲಿನಿಂದ ಸೂರ್ಯಾಸ್ತವನ್ನೂ ಊರನ್ನೂ ನೋಡಬಹುದು.

ಊಟದ ವಿಚಾರ

ಸಸ್ಯಾಹಾರಿಗಳು ಇಟಲಿಯಲ್ಲಿ ಹಸಿದಿರಬೇಕಾಗಿಲ್ಲ. ಹಳಸಿದ ರೊಟ್ಟಿಯನ್ನು ಟೊಮೆಟೋ ಹಣ್ಣಿನೊಡನೆ ಬೇಯಿಸಿದ ಪಾಪ್ಪಾ ಅಲ್ ಪೊಮೊದೋರೋ, ಹುರುಳಿಕಾಯಿ ಬೀಜ ಮತ್ತು ಸೊಪ್ಪಿನ ರಿಬೊಲ್ಲೀತಾ, ಸಾದಾ ಪಾಸ್ತಾ ಇವು ಅಲ್ಲಿಯ ಬಡವರ ಮನೆಯ ಅಡಿಗೆಗಳು. ಆದರೆ ಸಾರನ್ನು ಮಾಂಸದ ನೀರಿನಲ್ಲಿ ಬೇಯಿಸಿರುವರೇ ಎಂದು ಪ್ರತಿ ಸಲವೂ ಕೇಳತಕ್ಕದ್ದು. ಇನ್ನೊಂದು ಸಂಗತಿ ಹಲವರಿಗೆ ತಿಳಿದಿಲ್ಲ: ಪಾರ್ಮೆಜಾನ್ ಗಿಣ್ಣನ್ನು ಕರುವಿನ ಜಠರದಿಂದ ತೆಗೆದ ಹೆಪ್ಪಿನಿಂದ ಮಾಡುತ್ತಾರೆ. ಅದನ್ನು ವರ್ಜಿಸುವವರು ಪಾಸ್ತಾದ ಮೇಲೆ ಉದುರಿಸಬೇಡವೆಂದು ಮೊದಲೇ ಹೇಳಬೇಕು. ಆ ಪ್ರಾಂತದ ರೊಟ್ಟಿಗೆ ಉಪ್ಪು ಹಾಕುವುದಿಲ್ಲ. ಅಡಿಗೆಯವನು ಮರೆತನೆಂದು ತಿಳಿಯಬಾರದು. ಒಂದು ಡಬ್ಬಿ ಉಪ್ಪಿನಕಾಯಿ, ಒಂದಿಷ್ಟು ಚಟ್ನಿಪುಡಿ ಪೆಟ್ಟಿಗೆಯಲ್ಲಿದ್ದರೆ ಮೂರು ದಿನ ಸುಖವಾಗಿ ಕಳೆಯುವುವು. ನಲ್ಲಿಯ ನೀರು ಕುಡಿಯಲು ಯೋಗ್ಯವಾದುದು. ಕಾಫಿಯನ್ನು ಅಂಗಡಿಯ ಕಟ್ಟೆಯ ಬಳಿ ನಿಂತು ಕುಡಿದರೆ ಅಗ್ಗ, ಮೇಜಿನಲ್ಲಿ ಕುಳಿತರೆ ದುಬಾರಿ. ಕಲ್ಲು ಹಾಸಿದ ಬೀದಿಗಳಾದುದರಿಂದ ಮೆತ್ತನೆಯ ಪಾದರಕ್ಷೆ ಬೇಕು. ಹೊಸದನ್ನು ಒಂದು ತಿಂಗಳು ಮುಂಚೆಯೇ ಕೊಂಡು ಪಳಗಿಸಿರಬೇಕು. ನಿತ್ಯದ ಔಷಧಗಳನ್ನು ವೈದ್ಯರ ಚೀಟಿಯೊಡನೆ ಕೈಚೀಲದಲ್ಲಿಯೇ ಇಡತಕ್ಕದ್ದು. ಆಪತ್ತಿನಲ್ಲಿ ೧೧೨ ಸಂಖ್ಯೆಗೆ ದೂರವಾಣಿ ಮಾಡಬೇಕು.

ನಮ್ಮವರು ಅಲ್ಲಿ

ಅರ್ಧ ದಿನ ಹೆಚ್ಚಾಗಿ ಉಳಿದರೆ ಊರಿನ ಪಶ್ಚಿಮಕ್ಕೆ ಕಾಶಿನೆ ಎಂಬ ವಿಶಾಲವಾದ ವನಕ್ಕೆ ಹೋಗಬಹುದು. ಅದರ ಕೊನೆಯಲ್ಲಿ, ಮುನ್ಯೋನೆ ಎಂಬ ಹೊಳೆಯು ಆರ್ನೋವನ್ನು ಕೂಡುವ ಎಡೆಯಲ್ಲಿ, ಮಂಟಪವೊಂದರ ಕೆಳಗೆ ಭಾರತೀಯ ರಾಜಕುಮಾರನೊಬ್ಬನ ಬಣ್ಣದ ಎದೆಪ್ರತಿಮೆಯಿದೆ. ಈತನು ಕೊಲ್ಲಾಪುರದ ಛತ್ರಪತಿ ರಾಜಾರಾಮ. ಇಂಗ್ಲೆಂಡನ್ನು ನೋಡಿ ಹಿಂದಿರುಗುವಾಗ ೧೮೭೦ರ ನವೆಂಬರ್ ೩೦ರಂದು ಈ ಊರಿನಲ್ಲಿ ತೀರಿಕೊಂಡನು. ವಯಸ್ಸು ಇಪ್ಪತ್ತರ ಆಸುಪಾಸು. ಶವದಹನದ ಪದ್ಧತಿ ಅಲ್ಲಿಲ್ಲದಿದ್ದರೂ ಅಧಿಕಾರಿಗಳು ವಿಶೇಷ ಅನುಮತಿ ಕೊಟ್ಟರು. ಎರಡು ನೀರು ಕೂಡುವ ಸ್ಥಳವನ್ನೇ ಹುಡುಕಿ ಜೊತೆಯವರು ಸಂಸ್ಕಾರ ನಡೆಸಿದರು. ಸ್ಮಾರಕವನ್ನು ೧೮೭೪ರಲ್ಲಿ ನಿಲ್ಲಿಸಿದರು. ಪಕ್ಕದಲ್ಲಿ ೧೯೭೦ರ ದಶಕದಲ್ಲಿ ಕಟ್ಟಿದ ದೊಡ್ಡ ಸೇತುವೆಗೆ ಊರಿನವರು ಭಾರತೀಯನ ಹೆಸರನ್ನೇ ಇಟ್ಟಿರುವರು. ಮಹಾಲಕ್ಷ್ಮಿಯ ದರ್ಶನಕ್ಕೆ ಕೊಲ್ಲಾಪುರಕ್ಕೆ ಹೋಗಿ ಬರುವ ನಮ್ಮ ಉತ್ತರದ ಜಿಲ್ಲೆಗಳವರಿಗೆ ಈ ಸ್ಥಳದಲ್ಲಿ ಒಂದು ನಿಮಿಷ ನಿಲ್ಲಬೇಕೆನ್ನಿಸದಿರದು.

ಇನ್ನೊಂದು ಸಂಗತಿ. ಯುದ್ಧಕಾಲದಲ್ಲಿ ಉಫಿತ್ಸಿಯ ಚಿತ್ರಗಳನ್ನು ಸುರಕ್ಷಿತವಾಗಿರಲೆಂದು ಹಳ್ಳಿಗಾಡಿನ ಕೋಟೆಗಳಿಗೆ ಸಾಗಿಸಿದ್ದರು. ೧೯೪೪ರ ಬೇಸಗೆಯಲ್ಲಿ ಭಾರತದ ಎಂಟನೆಯ ಡಿವಿಷನ್ನಿಗೆ ಸೇರಿದ ಮರಾಠಾ ದಳದ ಸೈನಿಕರು ಮೊಂತೆಗುಫೋನಿ ಎಂಬ ಕೋಟೆಯಲ್ಲಿ ಬೀಡುಬಿಟ್ಟಾಗ ಬೊತ್ತಿಚೆಲ್ಲಿಯ ವಸಂತವೇ ಮೊದಲಾದ ಚಿತ್ರಗಳು ಗೋಡೆಗೆ ಒರಗಿ ನಿಂತಿದ್ದುವು. ಫಿರಂಗಿಗಳ ಸದ್ದು ಹತ್ತಿರದಲ್ಲಿಯೇ ಕೇಳುತ್ತಿದ್ದಾಗ ನಮ್ಮವರು ಅವುಗಳಿಗೆ ಕಾವಲಿದ್ದರು. ಆ ದಳದ ಕೇಂದ್ರವು ನಮ್ಮ ಬೆಳಗಾವಿಯಲ್ಲಿದೆ. ಎರಡನೆಯ ದಿನ ಬೆಳಗ್ಗೆ ಆ ಚಿತ್ರದ ಮುಂದೆ ನಿಂತಾಗ ವಾಚಕರು ಇದನ್ನು ಜ್ಞಾಪಿಸಿಕೊಳ್ಳಲಿ.

ಇಷ್ಟು ಓದಿದವರು ಪೆಟ್ಟಿಗೆ ಕಟ್ಟುವ ಮುನ್ನ ಮನೆಯವರೆಲ್ಲ ಒಂದು ಸಂಜೆ ಕೂಡಿ ಕುಳಿತು, ನೋಡಬೇಕಾದುದರ ಪಟ್ಟಿಯನ್ನು ಬರೆದು, ಅದರಲ್ಲಿ ಅರ್ಧವನ್ನು ಹೊಡೆದುಹಾಕಲಿ. ಯಾರ ಮಂಡಿ ಎಷ್ಟು ದೂರ ನಡೆಯಬಲ್ಲುದೆಂಬುದನ್ನು ಸಂಕೋಚವಿಲ್ಲದೆ ಹೇಳಿಕೊಳ್ಳಲಿ. ಹಿರಿಯರು ದಣಿದಾಗ ಕಿರಿಯರು ಗೊಣಗದೆ ಬೆಂಚಿನಲ್ಲಿ ಜೊತೆಗೆ ಕುಳಿತುಕೊಳ್ಳಲಿ. ನೋಡದೆ ಉಳಿದುದು ಆನ್ನಾ ಮರಿಯಾ ಲುಯಿಸಾಳ ಕಟ್ಟಿನಂತೆ ಅದೇ ಊರಿನಲ್ಲಿಯೇ ಇರುವುದು. ಮಕ್ಕಳೋ ಮೊಮ್ಮಕ್ಕಳೋ ಹೋಗಿ ನೋಡಬಹುದು. ಹೊರಡತಕ್ಕವರಿಗೆಲ್ಲ ಸುಖಪ್ರಯಾಣವನ್ನು ಹಾರೈಸುತ್ತೇವೆ.